ಮಾಮಾನ ಥರ್ಮಾಮೀಟರು, ನನ್ನ ಎಮ್ಮೆ

ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಆಸುಪಾಸಿನಲ್ಲಿ ಯಾವ ಎಮ್ಮೆ ಗಬ್ಬವಾಗಿದೆ, ಯಾವುದು ಆಗಿಲ್ಲ ಎಂಬ ಸುದ್ದಿ ದೇವರಿಗಿಂತ ಮೊದಲು ನಮ್ಮ ಮಾಮಾನಿಗೆ ತಿಳಿಯುತ್ತದೆ. ಇದರಲ್ಲಿ ದೇವರಿಗೆ ಅವಮಾನವೇನೂ ಇಲ್ಲ. ದೇವರ ಹತ್ತಿರ ಮೊಬೈಲ್ ಇಲ್ಲ, ಮಾಮಾನ ಹತ್ತಿರ ಇದೆ, ಅಷ್ಟೇ. ಇನ್ನೊಂದು ವ್ಯತ್ಯಾಸವೂ ಉಂಟು. ದೇವರಿಗೆ ತಿಳಿದದ್ದು ಗುಟ್ಟಾಗಿ ಉಳಿಯುತ್ತದೆ. ಮಾಮಾನಿಗೆ ತಿಳಿದದ್ದು ಮೊದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ತಿಳಿಯುತ್ತದೆ, ಆಮೇಲೆ ತಾಲೂಕಿಗೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಇಂಥವನನ್ನು ಸೋದರಮಾವ ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನಿಮಗೆ ತಿಳಿಯಬೇಕಾದರೆ ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಅವ್ವನ ಕಡೆ, ಅಪ್ಪನ ಕಡೆ, ಎರಡೂ ಕಡೆ ಹುಡುಕಿದರೂ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅವ್ವ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದು ಬೆರಳು ಕಪ್ಪು ಮಾಡಿಕೊಂಡಳು, ನಾನು ಕೊಲ್ಲಾಪುರದಲ್ಲಿ ಬಿ.ಎಸ್ಸಿ. ಓದಿದೆ. ಈಗ ಇಚಲಕರಂಜಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ನಮ್ಮ ಬಳಗದಲ್ಲಿ ಔಷಧದ ಬಾಟಲಿ, ಕರೆಂಟ್ ಬಿಲ್ಲು, ಕೋರ್ಟಿನ ಕಾಗದ, ಏನು ಬಂದರೂ ನನ್ನ ಮುಂದೆ ಹಿಡಿಯುತ್ತಾರೆ. “ಸವಿತಾ ಓದಿದ್ಲಂದ್ರ ಆತು, ಸುಳ್ಳಾಗೂದಿಲ್ಲ” ಎಂಬುದು ನಮ್ಮವರ ನಂಬಿಕೆ. ಅಂಥ ಸವಿತಾಳಿಗೆ ಇಂಥ ಮಾಮಾ. ನಾಚಿಕೆ ಒಂದೇ ಸಲ ಆಗಿ ಮುಗಿದಿದ್ದರೆ ಸಹಿಸಬಹುದಿತ್ತು. ಮಾಮಾ ಪ್ರತಿ ಹಬ್ಬಕ್ಕೆ ಹೊಸದನ್ನು ತರುತ್ತಿದ್ದ.

ಮೊದಮೊದಲು ಅವನ ಹತ್ತಿರ ಇದ್ದದ್ದು ಬರೀ ಒಂದು ಗಾಜಿನ ಥರ್ಮಾಮೀಟರು. ಅದು ಅವನ ಗಾಂಧಿ ಟೋಪಿಯ ಮಡಿಕೆಯಲ್ಲಿ ಇರುತ್ತಿತ್ತು. ಬೆಳಗಾದರೆ ಒಂದೊಂದೇ ಎಮ್ಮೆಯ ಬಾಲ ಎತ್ತಿ ಜ್ವರ ನೋಡುತ್ತಿದ್ದ. ಒಂದು ದಿನ ಪಕ್ಕದ ಮನೆಯ ಮೊಮ್ಮಗನಿಗೆ ಮೈ ಬಿಸಿಯಾಗಿದೆ ಎಂದು ತಿಳಿದು ಟೋಪಿಗೆ ಕೈಹಾಕಿದ.

“ಬಾಯಿ ತಗಿಯೋ ಮರಿ.”

ಹುಡುಗನ ಅಜ್ಜಿ ಮಾಮಾನ ಕೈ ಹಿಡಿದಳು. “ತಡೀರಿ. ಇದನ್ನ ಮುಂಜಾನಿ ಎಲ್ಲಿ ಹಾಕಿದ್ರಿ?”

“ತೊಳದೇನಿ ಆಯಿ.”

“ತೊಳದದ್ದು ಯಾರ್ ಕೇಳ್ಯಾರ? ಎಲ್ಲಿ ಹಾಕಿದ್ರಿ ಅಂತ ಕೇಳೇನಿ.”

ಹುಡುಗನ ಜ್ವರ ಆ ಕ್ಷಣವೇ ಇಳಿಯಿತಂತೆ. ಎದ್ದು ಓಡಿದವನು ಸಂಜೆಯವರೆಗೂ ಸಿಕ್ಕಲಿಲ್ಲ. ಮಾಮಾ ಇದನ್ನು ಇವತ್ತಿಗೂ ತನ್ನ ವೈದ್ಯಕೀಯ ಯಶಸ್ಸುಗಳಲ್ಲಿ ಸೇರಿಸುತ್ತಾನೆ.

ಇಂಥವನ ಕೈಗೆ ಮಷೀನು ಸಿಕ್ಕರೆ ಏನಾಗಬೇಕು? ಮಾಮಾ ಹಾಲು ಹಾಕುವ ಡೇರಿಗೆ ಯಾವುದೋ ಕಂಪನಿಯ ಹುಡುಗರು ಬಂದರು. ಪ್ರಯೋಗಕ್ಕೆ ಕೆಲವು ಎಮ್ಮೆಗಳು ಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು. ಉಳಿದ ರೈತರು ಚಪ್ಪಲಿ ಹುಡುಕತೊಡಗಿದರು. ಮಾಮಾ ಎರಡೂ ಕೈ ಎತ್ತಿದ.

ಮಷೀನು ಅಂದರೆ ದೊಡ್ಡದೇನಲ್ಲ. ಎಮ್ಮೆಯ ಕಿವಿಯೊಳಗೆ ಕೂರುವ ಒಂದು ಗುಂಡಿ, ಕೊರಳ ಪಟ್ಟಿಯಲ್ಲಿ ಒಂದು ಪುಟ್ಟ ಡಬ್ಬಿ. ಹಗಲೂ ರಾತ್ರಿ ಅದು ಎಮ್ಮೆಯ ಮೈಬಿಸಿ ಅಳೆದು ಮಾಮಾನ ಫೋನಿಗೆ ಕಳಿಸುತ್ತದೆ. ಬೀಜದ ಇಂಜೆಕ್ಷನ್ ಮಾಡಿಸಿದ ಮೇಲೆ ಗಬ್ಬ ನಿಂತರೆ ಆ ಬಿಸಿ ಕೂದಲೆಳೆಯಷ್ಟು ಏರಿ, ಏರಿದಲ್ಲೇ ಇರುತ್ತದೆ. ನಿಲ್ಲದಿದ್ದರೆ ಮೂರು ವಾರದ ಹೊತ್ತಿಗೆ, ಮುಂದಿನ ಬೆದೆ ಬರುವ ಮೊದಲು, ಇಳಿದುಬಿಡುತ್ತದೆ. ಕೈಗೆ ತಿಳಿಯುವ ವ್ಯತ್ಯಾಸವಲ್ಲ ಅದು. ಡಾಕ್ಟರು ಕೈಹಾಕಿ ನೋಡಿ ಹೇಳಲು ಎರಡು ತಿಂಗಳಾದರೂ ಕಾಯಬೇಕು. ಎಮ್ಮೆಯಂತೂ ಆಕಳ ಹಾಗೆ ಬೆದೆ ಬಂದಾಗ ಕೂಗಿ ಊರಿಗೆ ಹೇಳುವ ಪ್ರಾಣಿಯಲ್ಲ. ಒಳಗಿನದನ್ನು ಒಳಗೇ ಇಟ್ಟುಕೊಂಡು ಮೆಲುಕು ಹಾಕುತ್ತ ನಿಂತಿರುತ್ತದೆ. ಅದಕ್ಕೇ ಈ ಮಷೀನು.

ವಿಜ್ಞಾನ ಕಲಿಸುವ ನನಗೇ ಮಾಮಾ ವಿಜ್ಞಾನ ಕಲಿಸಿದ. ಫೋನಿನ ಮೇಲಿನ ಗೆರೆಯನ್ನು ಬೆರಳಿನಿಂದ ತೋರಿಸಿ, “ಇಲ್ನೋಡ. ಗೆರಿ ಹಿಂಗ ಮಟ್ಟಸ ಹೊಂಟಿತ್ತಂದ್ರ ಗಡಹಿಂಗ್ಲಜ ರಸ್ತಾ. ಗಬ್ಬ ಐತಿ. ಹಿಂಗ ಧಡಕ್ಕನ ಇಳೀತಂದ್ರ ಆಂಬೋಲಿ ಘಾಟು. ಖಾಲಿ” ಎಂದ. ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಸರಳವಾಗಿ ಬರೆದಿಲ್ಲ, ಒಪ್ಪುತ್ತೇನೆ.

ಒಂದು ಬೇಸಿಗೆಯಲ್ಲಿ ಮಾಮಾನ ಮೂರೂ ಎಮ್ಮೆಗಳ ಗೆರೆ ಒಟ್ಟಿಗೇ ಆಂಬೋಲಿ ಘಾಟು ಇಳಿಯಿತು. ಒಂದೇ ಮಧ್ಯಾಹ್ನ! ಮಾಮಾ ಫೋನು ಹಿಡಿದುಕೊಂಡು ದನದ ಡಾಕ್ಟರರ ಮನೆಗೆ ಓಡಿದ. ಡಾಕ್ಟರರು ಊಟಕ್ಕೆ ಕುಳಿತಿದ್ದರು.

“ಎಮ್ಮಿ ಈಗ ಎಲ್ಲಿ ಅದಾವ?”

“ಹೊಳ್ಯಾಗ ಅದಾವರಿ.”

“ಹೊರಗ ತಗೀರಿ. ಬಿಸಿಲಿಗಿ ನಿಂದ್ರಸ್ರಿ. ನಾ ಊಟ ಮುಗಸ್ತೇನಿ, ಅಷ್ಟರಾಗ ಗಬ್ಬ ಆಗತಾವ.”

ಯಾರಾದರೂ ಈ ಮಾತಿಗೆ ತಣ್ಣಗಾಗುತ್ತಿದ್ದರು. ಮಾಮಾ ಎಮ್ಮೆಗಳಿಗೆ ಹೊಳೆಯನ್ನೇ ಬಂದ್ ಮಾಡಿದ. ಮಷೀನಿನ ಲೆಕ್ಕ ಕೆಡಬಾರದು ನೋಡಿ. ಏಪ್ರಿಲ್ ತಿಂಗಳಲ್ಲಿ ಎಮ್ಮೆಗೆ ನೀರು ಬೇಡ ಎನ್ನುವುದು ಹಬ್ಬದಲ್ಲಿ ಮಾಮಾನಿಗೆ ಮಾತು ಬೇಡ ಎಂದಂತೆ. ನಾಲ್ಕನೆಯ ದಿನ ಮೂರೂ ಹಗ್ಗ ಹರಿದುಕೊಂಡು ಹಿರಣ್ಯಕೇಶಿ ಹೊಳೆಗೆ ಹಾರಿದವು. ಅವುಗಳ ಹಿಂದೆ ಮಾಮಾ, “ಕಿವಿ ತೋಯಿಸಬ್ಯಾಡ್ರೇ, ಕಿವಿ ಮ್ಯಾಲ ಹಿಡೀರೇ” ಎಂದು ಕೂಗುತ್ತ ಧೋತರ ಎತ್ತಿಕೊಂಡು ನೀರಿಗಿಳಿದ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ನಮ್ಮ ಶಾಲೆಯ ಸ್ಟಾಫ್‌ರೂಮಿಗೂ ಅದು ಬಂತು. ಎಲ್ಲರೂ ನಕ್ಕರು. ನಾನು ಉತ್ತರಪತ್ರಿಕೆಗಳಲ್ಲಿ ಮುಖ ಮುಚ್ಚಿಕೊಂಡೆ.

ದೀಪಾವಳಿ ಪಾಡ್ಯದ ದಿನ ಕೊಲ್ಲಾಪುರದಲ್ಲಿ ಎಮ್ಮೆಗಳನ್ನು ಸಿಂಗರಿಸಿ, ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ, ಮೋಟಾರ್‌ಸೈಕಲ್ಲಿನ ಹಿಂದೆ ಓಡಿಸುವುದನ್ನು ನೀವು ನೋಡಿರಬಹುದು. ಆ ವರ್ಷ ಶಾಲೆಯ ಗೆಳತಿಯರ ಜೊತೆ ನಾನೂ ಹೋಗಿದ್ದೆ. ಜನರ ನಡುವೆ ಒಂದು ಗಾಂಧಿ ಟೋಪಿ ಎಮ್ಮೆಯಿಂದ ಎಮ್ಮೆಗೆ ಹೋಗುತ್ತಿತ್ತು. ಒಂದು ಎಮ್ಮೆಯ ಕಿವಿಯ ಬುಡದಲ್ಲಿ ಕೈಯಿಟ್ಟು, ಕಣ್ಣುಮುಚ್ಚಿ, “ಈಕೀನ್ನ ಓಡಸಬ್ಯಾಡ್ರಿ, ಈಕಿ ಎರಡು ಜೀವದಾಕಿ ಅದಾಳ” ಎಂದು ಮಾಮಾ ತೀರ್ಪು ಕೊಟ್ಟ.

ಮೋಟಾರ್‌ಸೈಕಲ್ಲಿನ ಮೇಲಿದ್ದ ತರುಣನಿಗೆ ಸಿಟ್ಟು ಬಂತು. ನೀವೇನು ಡಾಕ್ಟರೇ ಎಂದು ಮರಾಠಿಯಲ್ಲಿ ಕೇಳಿದ. “ಕಾಕಾ, ತುಮ್ಹೀ ಡಾಕ್ಟರ ಆಹಾತ ಕಾ?”

“ಡಾಕ್ಟರ ನಾಹೀ. ಪಣ ಥರ್ಮಾಮೀಟರ ಆಹೇ.” ಡಾಕ್ಟರಲ್ಲ, ಆದರೆ ಥರ್ಮಾಮೀಟರು ಇದೆ ಎಂದು ಮಾಮಾ ಟೋಪಿ ತೆಗೆದು ತೋರಿಸಿದ.

ಆಮೇಲೆ ನನ್ನನ್ನು ನೋಡಿದ. ನೂರು ಜನರ ತಲೆಯ ಮೇಲಿಂದ, “ಸವಿತಾ! ಇಲ್ಲಿ ಬಾ ಇಲ್ಲಿ, ಕೈ ಹಚ್ಚಿ ನೋಡ, ಸುಡಾಕತ್ತೈತೋ ಇಲ್ಲೋ!” ಎಂದು ಕರೆದ. ಗೆಳತಿಯರು ನನ್ನ ಮುಖ ನೋಡಿದರು. ನನ್ನ ಮುಖ ಸೆರಗಿನೊಳಗೆ ಇತ್ತು. ಅದನ್ನು ಮುಟ್ಟಿದ್ದರೆ ಸುಡುತ್ತಿತ್ತು, ಅದು ಮಾತ್ರ ನಿಜ.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಬೇರೆ ಇದೆ. ಅದಕ್ಕೆ ಕಾರಣ ಮಾಮಾನ ಮೂರು ಎಮ್ಮೆಗಳಲ್ಲಿ ಒಂದು. ಅದು ನನ್ನದು.

ನಮ್ಮ ಕಡೆ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಎಮ್ಮೆಯನ್ನೋ ಆಕಳನ್ನೋ ಬಳುವಳಿ ಕೊಡುವುದುಂಟು. ಅಪ್ಪನಿಗೆ ಶಕ್ತಿಯಿರಲಿಲ್ಲ. ಮಾಮಾ ಒಂದು ಎಮ್ಮೆಗರುವಿನ ಹಣೆಗೆ ಬಾಸಿಂಗ ಕಟ್ಟಿ ನನ್ನ ಲಗ್ನದ ಚಪ್ಪರಕ್ಕೆ ತಂದ. ಇಚಲಕರಂಜಿಯ ನನ್ನ ಗಂಡನ ಮನೆ ಎಂದರೆ ಮುಂದೆ ಸಂಸಾರ, ಹಿಂದೆ ಪವರ್‌ಲೂಮ್. ಎಮ್ಮೆ ಕಟ್ಟಬೇಕೆಂದರೆ ಮಗ್ಗಕ್ಕೇ ಕಟ್ಟಬೇಕು. ಹೀಗಾಗಿ ಕರು ಮಾಮಾನ ಕೊಟ್ಟಿಗೆಯಲ್ಲೇ ಉಳಿಯಿತು. ಮೊದಲು ‘ಸವಿತಾನ ಎಮ್ಮಿ’ ಆಗಿದ್ದದ್ದು ಬರಬರುತ್ತ ಬರೀ ‘ಸವಿತಾ’ ಆಯಿತು. ಕರು ಬೆಳೆದು ಎಮ್ಮೆಯಾಯಿತು. ಗಬ್ಬ ಮಾತ್ರ ನಿಲ್ಲಲಿಲ್ಲ. ಆದರೂ ತಿಂಗಳಿಗೊಮ್ಮೆ ಒಂದು ಡಬ್ಬಿ ತುಪ್ಪ ತಪ್ಪದೆ ನನಗೆ ಬರುತ್ತಿತ್ತು. “ನಿನ್ನ ಎಮ್ಮಿ ತುಪ್ಪ” ಎಂದು ಹೇಳಿ ಕೊಡುತ್ತಿದ್ದ.

“ಈಯದ ಎಮ್ಮಿ ತುಪ್ಪ ಹೆಂಗ ಕೊಟ್ಟೀತು ಮಾಮಾ?”

“ಬಾಜೂಕಿನ ಎಮ್ಮಿ ಕಡೆ ಕೈಗಡ ತಂದಾಳ. ಈದ ಮ್ಯಾಲ ತೀರಸ್ತಾಳ ಬಿಡು.”

ಸವಿತಾ ಎಮ್ಮೆಯ ಗೆರೆ ಇಳಿದಾಗಲೆಲ್ಲ ಮಾಮಾ ಅದರ ಕೊರಳು ತುರಿಸಿ ಒಂದೇ ಮಾತು ಹೇಳುತ್ತಿದ್ದ: “ಇರ್ಲಿ ತಗೋ, ಮುಂದಿನ ಸಲ ನಿಲ್ತೈತಿ.” ಮಾಮಿಗೆ, ಅಂದರೆ ಮಾಮಾನ ಹೆಂಡತಿಗೆ, ಈ ತಾಳ್ಮೆ ಇರಲಿಲ್ಲ. ಇರಬೇಕು ಎನ್ನಲು ನಾವ್ಯಾರು? “ಮೇವು ಹಾಕಾಕಿ ನಾ, ಸೆಗಣಿ ಬಳ್ಯಾಕಿ ನಾ. ಇವರದು ಬರೇ ಮೊಬೈಲ್ ತಿಕ್ಕೂದು. ಎಷ್ಟು ದಿನ ಈ ಗೊಡ್ಡ...” ಎಂದವಳು, ನಾನು ಅಲ್ಲೇ ಕುಳಿತದ್ದು ನೋಡಿ ನಾಲಿಗೆ ಕಚ್ಚಿಕೊಂಡಳು.

ನನಗೆ ಲಗ್ನವಾಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಇವತ್ತಿಗೂ ಇಲ್ಲ.

ಯಾವಾಗಲೂ ನಗುವ ಮಾಮಾ ಅಂದು ನಗಲಿಲ್ಲ. “ಆ ಶಬ್ದ ಈ ದನದ ಮನ್ಯಾಗ ಬ್ಯಾಡ” ಎಂದ. ಮಾಮಿ ಪಟ್ಟು ಬಿಡಲಿಲ್ಲ. ಇನ್ನೆರಡು ಸಲ ಇಂಜೆಕ್ಷನ್ ಮಾಡಿಸುವುದು, ಆಗಲೂ ನಿಲ್ಲದಿದ್ದರೆ ವ್ಯಾಪಾರಿಯನ್ನು ಕರೆಯುವುದು ಎಂದು ತೀರ್ಮಾನವಾಯಿತು. ಬಜಾರಕ್ಕೆ ಹೋದ ಅಂಥ ಎಮ್ಮೆ ಮತ್ತೆ ಯಾರ ಕೊಟ್ಟಿಗೆಗೂ ಹೋಗುವುದಿಲ್ಲ. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಷ್ಟರಲ್ಲಿ ನನ್ನ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ನಮ್ಮ ಮನೆಯಲ್ಲಿ ಬಂತು. ಮಕ್ಕಳಿಲ್ಲದವಳಿಗೆ ಅಂಥ ದಿನ ಹೇಗಿರುತ್ತದೆ ಎಂದು ವಿವರಿಸುವುದಿಲ್ಲ. ಬಳೆಗಾರ ಕೇಳಿದ, “ಏನರ ವಿಶೇಷ ಐತೇನವ್ವಾ?” ನೂಲು ತರುವವನು ಕೇಳಿದ. ಎದುರು ಮನೆಯ ಆಯಿ ದಿನಾ ಕೇಳುವವಳು, ಅಂದು ಎರಡು ಸಲ ಕೇಳಿದಳು. ನಾನು ಎಲ್ಲರಿಗೂ ಪೇಢೆ ಹಂಚುತ್ತಿದ್ದೆ. ಮಾಮಾನೂ ಬಂದು ಒಂದು ಮೂಲೆಯಲ್ಲಿ ಕುಳಿತಿದ್ದ.

ಬೇರೆ ದಿನವಾಗಿದ್ದರೆ ಮಗ್ಗದ ಸದ್ದು ನನ್ನ ಮಾನ ಕಾಯುತ್ತಿತ್ತು. ನಮ್ಮ ಓಣಿಯಲ್ಲಿ ಮಗ್ಗ ನಡೆಯುತ್ತಿದ್ದರೆ ಗುಡುಗಿದರೂ ಕೇಳುವುದಿಲ್ಲ. ಅಂದು ಮಗ್ಗಗಳಿಗೆ ವಾರದ ರಜೆ. ಹೆಂಗಸರು ತೊಟ್ಟಿಲ ಸುತ್ತ ನಿಂತಿದ್ದರು. ನಾದಿನಿ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಾಗಿದ್ದಳು. ಆಗ ಮಾಮಾನ ಅಂಗಿಯ ಕಿಸೆಯೊಳಗಿಂದ ಒಬ್ಬ ಹೆಣ್ಣುಮಗಳು ಶುದ್ಧ ಮರಾಠಿಯಲ್ಲಿ, ರೇಲ್ವೆ ಸ್ಟೇಷನ್ನಿನ ಗತ್ತಿನಲ್ಲಿ ಹೇಳಿದಳು:

“ಸವಿತಾ. ತಾಪಮಾನ ಕಮೀ ಝಾಲೇ ಆಹೇ. ಗರ್ಭಧಾರಣಾ ಝಾಲೇಲೀ ನಾಹೀ.”

ಸವಿತಾಳ ತಾಪಮಾನ ಇಳಿದಿದೆ, ಗರ್ಭ ನಿಂತಿಲ್ಲ. ನಮ್ಮ ಓಣಿಯಲ್ಲಿ ಮರಾಠಿ ತಿಳಿಯದವರು ಯಾರೂ ಇಲ್ಲ, ತೊಟ್ಟಿಲಲ್ಲಿದ್ದ ಕೂಸೊಂದನ್ನು ಬಿಟ್ಟು.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಪೇಢೆಯ ತಟ್ಟೆ ಇತ್ತು.

ಮಾಮಾ ಧಡಪಡಿಸಿ ಎದ್ದ. “ಅಯ್ಯ, ಈಕಿ ಅಲ್ರೀ, ಈಕಿ ಅಲ್ಲ! ನಮ್ಮ ಮನ್ಯಾಗಿನ ಸವಿತಾ. ಕೋಡ ಇದ್ದಾಕಿ.”

“ಎಮ್ಮಿಗಿ ಇಡಾಕ ಬ್ಯಾರೆ ಹೆಸರು ಸಿಗಲಿಲ್ಲೇನ್ರಿ ಬೀಗರ?” ನನ್ನ ಅತ್ತೆಯವರು ಕೇಳಿದರು.

“ಎಮ್ಮಿ ಆಕೀದರೀ. ಮತ್ತ ಯಾರ ಹೆಸರ ಇಡಬೇಕರಿ?” ಮಾಮಾನಿಗೆ ನಿಜವಾಗಿಯೂ ತಿಳಿಯಲಿಲ್ಲ. ಫೋನಿನಲ್ಲಿ ದನದ ಹೆಸರು ಬರೆಯಿರಿ ಎಂದು ಕಂಪನಿಯ ಹುಡುಗ ಹೇಳಿದಾಗ, ಇದ್ದ ಹೆಸರನ್ನು ಬರೆಸಿದ್ದ ಅಷ್ಟೇ.

ಎದುರು ಮನೆಯ ಆಯಿ ನಿಟ್ಟುಸಿರು ಬಿಟ್ಟಳು. “ಏನರ ಅನ್ರಿ, ಮಷೀನ್ ಸುಳ್ಳಂತೂ ಹೇಳಲಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ನಾನು ತಟ್ಟೆ ಕೆಳಗಿಟ್ಟು ಹಿಂದಿನ ಮಗ್ಗದ ಕೋಣೆಗೆ ಹೋದೆ. ಮಾಮಾ ಹಿಂದೆಯೇ ಬಂದ, ಟೋಪಿ ಕೈಯಲ್ಲಿ. ನಿಂತ ಮಗ್ಗಗಳ ನಡುವೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

“ನನ್ನ ಹೆಸರ ತಗಿ ಮಾಮಾ. ಅಲ್ಲೀತನಾ ನಮ್ಮ ಮನಿ ಕಡೆ ಬರಬ್ಯಾಡ.”

“ಹೂಂ ಅವ್ವಾ” ಎಂದ. ಹೋಳಿಗೆ ಎಂದರೆ ಪ್ರಾಣ ಬಿಡುವವನು ಊಟಕ್ಕೆ ನಿಲ್ಲದೆ ಬಸ್ಸು ಹಿಡಿದ. ಆ ತಿಂಗಳ ತುಪ್ಪ ಬೇರೆಯವರ ಕೈಯಲ್ಲಿ ಬಂತು.

ಕೊನೆಯ ಇಂಜೆಕ್ಷನ್ನೂ ಆಯಿತು. ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾಮಿ ಫೋನು ಮಾಡಿದಳು. “ನೀ ಬಾ. ವ್ಯಾಪಾರಿ ಬರಾವ ಅದಾನ. ಎಮ್ಮಿ ನಿಂದು, ನಿನ್ನ ಎದುರಿಗೇ ಆಗಲಿ. ಇವರು ನಿಂತೈತಿ ಅಂತಾರ, ಮತ್ತ ಫೋನ್ ಮಾತ್ರ ಬಾಯಿ ಬಂದ್ ಮಾಡಿ ಹಾಸಿಗ್ಯಾಗ ಮುಚ್ಚಿಡ್ತಾರ. ನಂಬೂದು ಹೆಂಗ? ನೀ ಬಂದು ಓದಿ ಹೇಳು.”

ಹೋದೆ. ಅಂಗಳದಲ್ಲಿ ವ್ಯಾಪಾರಿ ಹೊಸ ಹಗ್ಗ ಹಿಡಿದು ಕುಳಿತಿದ್ದ. ಎಮ್ಮೆ ಗೂಟದಲ್ಲಿ ಮೆಲುಕು ಹಾಕುತ್ತಿತ್ತು. ಮಾಮಾ ಅದರ ಆಚೆ ಬದಿಗೆ ನಿಂತಿದ್ದ, ಟೋಪಿ ಮಾತ್ರ ಕಾಣುತ್ತಿತ್ತು. ನನ್ನನ್ನು ನೋಡಿ ಬಾ ಎನ್ನಲಿಲ್ಲ. ಮಾಮಿ ಫೋನು ತಂದು ನನ್ನ ಕೈಗೆ ಕೊಟ್ಟಳು.

“ನೋಡು. ನಿಂತೈತೋ ಇಲ್ಲೋ?”

ಗೆರೆ ಸ್ಪಷ್ಟವಾಗಿತ್ತು. ಆಂಬೋಲಿ ಘಾಟು. ಇಷ್ಟು ಕಡಿದಾದ ಇಳಿತವನ್ನು ನಾನು ಯಾವ ಎಮ್ಮೆಯಲ್ಲೂ ನೋಡಿರಲಿಲ್ಲ. ಗೆರೆಯ ಮೇಲೆ ಹೆಸರಿನ ಜಾಗ. ಅಲ್ಲಿ ಸವಿತಾ ಇರಲಿಲ್ಲ. ಮಾಮಾನ ಹೆಸರಿತ್ತು. ಅವನದು, ಅವನಪ್ಪನದು, ಅಡ್ಡಹೆಸರು, ಮತದಾರರ ಪಟ್ಟಿಯಲ್ಲಿ ಇರುವ ಹಾಗೆ ಪೂರ್ತಿ.

ನಾನು ತಲೆಯೆತ್ತಿದೆ. ಎಮ್ಮೆಯ ಬೆನ್ನಿನ ಮೇಲಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಥರ್ಮಾಮೀಟರು ತಪ್ಪು ಹೇಳಿತು ಎಂದರೆ ದೇವರನ್ನೇ ಬೈದಂತೆ ಸಿಡಿಯುವವನು. ಗೆರೆ ಕೆಡಬಾರದೆಂದು ಎಮ್ಮೆಗೆ ಹೊಳೆ ಬಂದ್ ಮಾಡಿದವನು. ಅವನು ಆ ಗೆರೆಯನ್ನೇ ಸುಳ್ಳು ಮಾಡಲು ಹೊರಟು, ಅದನ್ನು ಓದಬಲ್ಲ ಒಬ್ಬಳ ಎದುರು ಸಿಕ್ಕಿಬಿದ್ದು ನಿಂತಿದ್ದ.

“ನಿಂತೈತಿ ಮಾಮಿ,” ಎಂದೆ. “ಮಟ್ಟಸ ಹೊಂಟೈತಿ.”

ಮಾಮಿ ಫೋನು ನೋಡಲಿಲ್ಲ. ನನ್ನ ಮುಖ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ವ್ಯಾಪಾರಿಗೆ, “ಚಹಾ ಕುಡದು ಹೋಗ್ರಿ ಅಣ್ಣಾ. ನಮ್ಮ ಸವಿತಾ ಓದ್ಯಾಳಂದ್ರ ಆತು” ಎಂದು ಒಳಗೆ ಹೋದಳು. ಬರುವಾಗ ಚಹಾದ ಜೊತೆ ಒಂದು ಬುಟ್ಟಿ ಹಿಂಡಿ ತಂದು ಎಮ್ಮೆಯ ಮುಂದೆ ಸುರಿದಳು. ಹೀಗೆ ನನ್ನ ಕಷ್ಟದ ಬಿ.ಎಸ್ಸಿ. ಮೊದಲ ಸಲ ಸುಳ್ಳು ಹೇಳಿತು. ನಾಚಿಕೆಯಾಗಬೇಕಿತ್ತು. ದಾರಿ ನೋಡಿದೆ, ಬರಲಿಲ್ಲ.

ಸಂಜೆ ಮಾಮಾ ಬಸ್ಸಿಗೆ ಬಿಡಲು ಬಂದ. ಕೈಯಲ್ಲಿ ತುಪ್ಪದ ಡಬ್ಬಿ.

“ನಿನ್ನ ಹೆಸರ ಯಾಕ ಹಾಕಿದಿ ಮಾಮಾ?”

“ನಿಂದು ತಗಿ ಅಂದಿದ್ದಿಯಲ್ಲಾ. ಖಾಲಿ ಬಿಟ್ರ ಮಷೀನ್ ಒಪ್ಪೂದಿಲ್ಲ.”

“ಬ್ಯಾರೆ ಯಾವುದರ ಹಾಕಬೇಕಿತ್ತು. ಗಂಗಿ, ಗೌರಿ...”

“ಅವೂ ಯಾರದರ ಮನಿ ಹೆಣ್ಮಕ್ಕಳ ಹೆಸರ ಅಲ್ಲೇನು? ಎಲ್ಲೆರ ನಾಕ ಮಂದ್ಯಾಗ ಒದರಿತಂದ್ರ?” ಮಾಮಾ ಟೋಪಿ ಸರಿಮಾಡಿಕೊಂಡ. “ನನಗಾದ್ರ ಏನೂ ಆಗೂದಿಲ್ಲ. ಮಂದಿ ಹೆಂಗೂ ನಗತಾರ.”

ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಹೊಳೆಯಿತು. ತಾಲೂಕಿನ ಎಲ್ಲ ಎಮ್ಮೆಗಳ ಬಸಿರು ವಿಚಾರಿಸುವ ಈ ಮನುಷ್ಯ, ಇಷ್ಟು ವರ್ಷಗಳಲ್ಲಿ, ಒಂದೇ ಒಂದು ಸಲವೂ ನನ್ನನ್ನು ಏನರ ವಿಶೇಷ ಎಂದು ಕೇಳಿರಲಿಲ್ಲ.

ಮಾಮಾ ಕೆಳಗೆ ನಿಂತು, ಮುಟ್ಟಿದ ಮೇಲೆ ಫೋನು ಮಾಡು ಎಂದು ಸನ್ನೆ ಮಾಡುತ್ತ ಕಿಸೆಯಿಂದ ಫೋನು ತೆಗೆದು, ಬಂದ್ ಮಾಡಿದ್ದ ಅದರ ಬಾಯಿ ಬಿಚ್ಚಿದ. ಬಿಚ್ಚಿದ್ದೇ ತಡ, ತಡೆದಿಟ್ಟಿದ್ದ ಮಾತು ಹೊರಬಿತ್ತು. ರೇಲ್ವೆ ಸ್ಟೇಷನ್ನಿನ ಆ ಹೆಣ್ಣುಮಗಳು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಮಾಮಾನ ಹೆಸರು, ಅವನಪ್ಪನ ಹೆಸರು, ಅಡ್ಡಹೆಸರು ಎಲ್ಲವನ್ನೂ ಕರೆದು, ಗರ್ಭಧಾರಣಾ ಝಾಲೇಲೀ ನಾಹೀ ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮಾಮಾ ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ ಕೈ ಎತ್ತಿದ.

ಪಕ್ಕದಲ್ಲಿ ಕುಳಿತ ಹೆಂಗಸು ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು. “ಏನ್ ಕಾಲ ಬಂತವ್ವಾ. ಯಾರಿಗಿ ನಿಂತಿಲ್ಲಂತ?”

“ನಮಗರೀ,” ಎಂದೆ. “ಇರ್ಲಿ. ಮುಂದಿನ ಸಲ ನಿಲ್ತೈತಿ.”